ನೂಟ್ರೋಪಿಕ್ ಸಪ್ಲಿಮೆಂಟ್ ಶುರು ಮಾಡೋ ಮುಂಚೆ: ಎಲ್ಲರೂ ಪದೇ ಪದೇ ಕೇಳೋ ಪ್ರಶ್ನೆಗಳು

ಮಂಡೆ ಓಡ್ತಿಲ್ಲ, ಓದಿದ್ದು ನಿಲ್ತಿಲ್ಲ, ಮಧ್ಯಾಹ್ನ ಮೂರು ಗಂಟೆ ಆದ್ರೆ ಲ್ಯಾಪ್‌ಟಾಪ್ ಮುಂದೆ ಕಣ್ಣು ಬಿಟ್ಕೊಂಡೇ ನಿದ್ದೆ, ಇದಕ್ಕೊಂದು ಒಳ್ಳೆ ಮಾತ್ರೆ ಹೇಳಿ ಅಂತ ಕೇಳೋರು ಈಗ ತುಂಬಾ ಜನ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳೋ ಬದಲು ಎಲ್ಲ ಒಂದೇ ಕಡೆ ಬರೆದಿದೀನಿ. ನಾನು ಡಾಕ್ಟರಲ್ಲ, ಇದರ ಬಗ್ಗೆ ಓದೋ ಹುಚ್ಚು ಇರೋನು ಅಷ್ಟೆ. ಈಗಾಗಲೇ ಬಿಪಿಗೋ ಶುಗರ್‌ಗೋ ಥೈರಾಯ್ಡ್‌ಗೋ ಮಾತ್ರೆ ನುಂಗ್ತಿರೋರು, ಬಸುರಿಯರು, ಬಾಣಂತಿಯರು ಮೊದಲು ಕೆಳಗಡೆ ಇರೋ "ಯಾರಿಗೆ ಬೇಡ" ಅನ್ನೋದನ್ನ ಓದ್ಕೊಂಡು ಆಮೇಲೆ ಇಲ್ಲಿಗೆ ಬನ್ನಿ.

ಅಲ್ಲ, ಈ ನೂಟ್ರೋಪಿಕ್ ಅಂದ್ರೆ ಏನು?

ನೆನಪು, ಗಮನ, ಯೋಚನೆ ಚುರುಕಾಗತ್ತೆ ಅಂತ ತಗೊಳ್ಳೋ ಯಾವುದೇ ವಸ್ತುಗೆ ಈಗ ಈ ಹೆಸರು ಅಂಟಿಸ್ತಾರೆ. ಹೆಸರು ಇಟ್ಟಿದ್ದು ರೊಮೇನಿಯಾದ ವಿಜ್ಞಾನಿ ಕಾರ್ನೆಲಿಯು ಜುರ್ಜಿಯಾ, 1972ರಲ್ಲಿ. ಅವರು ಬೆಲ್ಜಿಯಂನ ಯುಸಿಬಿ ಕಂಪನಿಯಲ್ಲಿ 1964ರಲ್ಲೇ ಪಿರಾಸೆಟಮ್ ಅನ್ನೋ ಔಷಧಿ ತಯಾರು ಮಾಡಿದ್ರು, ಅದನ್ನ ಯಾವ ಗುಂಪಿಗೆ ಸೇರಿಸೋದು ಅನ್ನೋ ಪ್ರಶ್ನೆ ಬಂದಾಗ ಹುಟ್ಟಿದ ಹೆಸರು ಇದು. ಅವರ ಲೆಕ್ಕದಲ್ಲಿ ನೂಟ್ರೋಪಿಕ್ ಅಂದ್ರೆ ಕಲಿಕೆಗೆ ಸಹಾಯ ಮಾಡ್ಬೇಕು, ಮೆದುಳನ್ನ ಕಾಪಾಡ್ಬೇಕು, ಸೈಡ್ ಎಫೆಕ್ಟ್ ಹೆಚ್ಚುಕಮ್ಮಿ ಇರಲೇಬಾರದು. ಆ ಅಳತೆಕೋಲು ಹಿಡಿದ್ರೆ ಇವತ್ತು ಅಂಗಡೀಲಿರೋ ಮುಕ್ಕಾಲು ಪಾಲು ಡಬ್ಬಿ ಹೊರಗೆ ಬೀಳತ್ತೆ, ಕಾಫಿ ಕೂಡ.

ನಿಜವಾಗ್ಲೂ ಕೆಲಸ ಮಾಡತ್ತಾ?

ಕೆಲವು ಮಾಡತ್ತೆ, ಸ್ವಲ್ಪ. ಸಿನಿಮಾದಲ್ಲಿ ತೋರಿಸೋ ಹಾಗೆ ಒಂದು ಮಾತ್ರೆ ನುಂಗಿ ಒಂದೇ ರಾತ್ರೀಲಿ ಹೊಸ ಭಾಷೆ ಕಲಿಯೋದು ಎಲ್ಲ ಸುಳ್ಳು. ಚೆನ್ನಾಗಿ ನಿದ್ದೆ ಮಾಡಿ ಚೆನ್ನಾಗಿ ಊಟ ಮಾಡೋ ಆರೋಗ್ಯವಂತರಲ್ಲಿ ಇವುಗಳ ಲಾಭ ಎಷ್ಟು ಚಿಕ್ಕದು ಅಂದ್ರೆ ಪರೀಕ್ಷೆ ಮಾಡಿ ಅಳೆದ್ರೆ ಮಾತ್ರ ಕಾಣೋಷ್ಟು. ಆದ್ರೆ ದೇಹದಲ್ಲಿ ಏನೋ ಕೊರತೆ ಇದ್ದು ಅದನ್ನ ತುಂಬಿದ್ರೆ ಆಗೋ ಬದಲಾವಣೆ ಇದೆಯಲ್ಲ, ಅದು ದೊಡ್ಡದು, ಅದನ್ನ ಅನುಭವಿಸಿದೋರೇ ಹೇಳ್ತಾರೆ ಯಾರೋ ಲೈಟ್ ಹಾಕಿದಂಗಾಯ್ತು ಅಂತ. ಅದಕ್ಕೇ ಮುಂದಿನ ಪ್ರಶ್ನೆ ಉದ್ದ ಇದೆ, ಬೇಜಾರಾದ್ರೂ ಓದಿ.

ಸರಿ, ಎಲ್ಲಿಂದ ಶುರು ಮಾಡ್ಲಿ?

ಬ್ಲಡ್ ಟೆಸ್ಟ್‌ನಿಂದ. ಸಾವಿರ ಎರಡು ಸಾವಿರ ಕೊಟ್ಟು ವಿದೇಶಿ ಡಬ್ಬಿ ತರಿಸೋಕೆ ರೆಡಿ ಇರೋರು ಅದೇ ದುಡ್ಡಲ್ಲಿ ಟೆಸ್ಟ್ ಮಾಡಿಸಿ ಅಂದ್ರೆ ಮುಖ ಸಿಂಡರಿಸ್ತಾರೆ, ಯಾಕೋ ಗೊತ್ತಿಲ್ಲ.

ಮೊದಲನೇದು ವಿಟಮಿನ್ ಬಿ12. ಗಿಡದಿಂದ ಬರೋ ಊಟದಲ್ಲಿ ಇದು ಇಲ್ಲವೇ ಇಲ್ಲ ಅನ್ನಬಹುದು, ಸಸ್ಯಾಹಾರಿಗಳಿಗೆ ಹಾಲು ಮೊಸರಿನಿಂದ ಬಂದಷ್ಟೇ. ಅನ್ನ ಸಾರು, ನೀರು ಮಜ್ಜಿಗೆ, ದಿನಕ್ಕೆರಡು ಕಾಫಿ, ಇಷ್ಟರಲ್ಲಿ ಸಾಲೋದು ಕಷ್ಟ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ, ಗ್ಯಾಸ್ಟ್ರಿಕ್‌ಗೆ ಅಂತ ವರ್ಷಗಟ್ಟಲೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ನುಂಗೋರಿಗೆ ಬಿ12 ಇನ್ನೂ ಇಳಿಯತ್ತೆ. ಕೊರತೆ ಜಾಸ್ತಿ ಆದ್ರೆ ಮರೆವು, ಸುಸ್ತು, ಕೈಕಾಲು ಜುಮ್ ಅನ್ನೋದು, ಮೂಡ್ ಹಾಳಾಗೋದು ಎಲ್ಲ ಬರತ್ತೆ, ತುಂಬಾ ದಿನ ಬಿಟ್ರೆ ನರಕ್ಕೆ ಆದ ಏಟು ಪೂರ್ತಿ ವಾಪಸ್ ಸರಿಹೋಗದೇನೂ ಇರಬಹುದು. ರಿಪೋರ್ಟ್‌ನಲ್ಲಿ 200 ಪಿಕೋಗ್ರಾಂಗಿಂತ ಕಮ್ಮಿ ಇದ್ರೆ ಕೊರತೆ ಅಂತಾನೇ ಸಾಮಾನ್ಯವಾಗಿ ನೋಡ್ತಾರೆ, 200ರಿಂದ 300ರ ನಡುವೆ ಇದ್ರೆ ಡಾಕ್ಟರ್ ಜೊತೆ ಮಾತಾಡಿ.

ಎರಡನೇದು ಕಬ್ಬಿಣ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿಸಿ, ಮುಖ್ಯವಾಗಿ ಹೆಣ್ಮಕ್ಕಳು, ಯಾಕಂದ್ರೆ ಹಿಮೋಗ್ಲೋಬಿನ್ ಸರಿ ಇದ್ದೂ ಒಳಗಿನ ಸ್ಟಾಕ್ ಖಾಲಿ ಆಗಿರಬಹುದು. ಮೂರನೇದು ಥೈರಾಯ್ಡ್, ಟಿಎಸ್‌ಎಚ್ ಟೆಸ್ಟ್. ತಲೆಗೆ ಮಂಕು ಕವಿದಂಗೆ ಆಗೋಕೆ ಥೈರಾಯ್ಡ್ ಕಮ್ಮಿ ಆಗಿರೋದು ಬಹಳ ಸಾಮಾನ್ಯ ಕಾರಣ. ವಿಟಮಿನ್ ಡಿ ಬೇಕಾದ್ರೆ ಸೇರಿಸಿ.

ಆಮೇಲೆ ನಿದ್ದೆ. ಐದೂವರೆ ಗಂಟೆ ಮಲಗಿ ನೂಟ್ರೋಪಿಕ್ ಹುಡುಕೋದ್ರಲ್ಲಿ ಅರ್ಥ ಇಲ್ಲ. ಜೋರಾಗಿ ಗೊರಕೆ ಹೊಡೆದು ಎಂಟು ಗಂಟೆ ಮಲಗಿದ್ರೂ ಬೆಳಗ್ಗೆ ಸುಸ್ತು ಇದ್ರೆ ಅದು ಸ್ಲೀಪ್ ಆಪ್ನಿಯಾ, ಅಂದ್ರೆ ನಿದ್ದೇಲಿ ಉಸಿರು ಕಟ್ಟಿ ಕಟ್ಟಿ ಬರೋ ತೊಂದರೆ, ಇರಬಹುದು, ಅದಕ್ಕೆ ಬ್ರಾಹ್ಮಿ ತಿಂದ್ರೆ ಏನೂ ಆಗಲ್ಲ.

ಟೆಸ್ಟ್ ಎಲ್ಲ ನಾರ್ಮಲ್. ಈಗ ಮೊದಲು ಯಾವುದು ಟ್ರೈ ಮಾಡ್ಲಿ?

ಕೆಫೀನ್ ಮತ್ತೆ ಎಲ್-ಥಿಯನಿನ್. ನಗಬೇಡಿ. ಈ ಇಡೀ ಕ್ಷೇತ್ರದಲ್ಲಿ ಅತಿ ಗಟ್ಟಿ ಪುರಾವೆ ಇರೋದು ಕೆಫೀನ್‌ಗೇ. ದಿನ ಕಳೀತಾ ಮೆದುಳಲ್ಲಿ ಅಡೆನೊಸಿನ್ ಅಂತ ಒಂದು ಪದಾರ್ಥ ಸೇರ್ಕೊಳ್ತಾ ಹೋಗತ್ತೆ, ಅದು ತನ್ನ ಜಾಗದಲ್ಲಿ ಕೂತಾಗ ನಿದ್ದೆ ಎಳೆಯತ್ತೆ. ಕೆಫೀನ್ ಹೋಗಿ ಆ ಸೀಟಲ್ಲಿ ಟವೆಲ್ ಹಾಕಿ ಕೂತ್ಬಿಡತ್ತೆ, ಅಡೆನೊಸಿನ್ ನಿಂತ್ಕೊಂಡೇ ಇರತ್ತೆ. ಸುಸ್ತು ಹೋಗಿಲ್ಲ, ಗೊತ್ತಾಗ್ತಿಲ್ಲ ಅಷ್ಟೆ, ಅದಕ್ಕೇ ಕೆಫೀನ್ ಇಳಿದ ಮೇಲೆ ಎಲ್ಲ ಒಟ್ಟಿಗೆ ಬಂದು ಬೀಳೋದು.

ಥಿಯನಿನ್ ಟೀ ಎಲೆಯಲ್ಲಿರೋ ಅಮೈನೋ ಆಸಿಡ್, ಕಾಫಿಯಲ್ಲಿ ಇಲ್ಲ. ಎರಡೂ ಸೇರಿಸಿ ಕೊಟ್ಟ ಅಧ್ಯಯನಗಳಲ್ಲಿ ಗಮನ ಸ್ವಲ್ಪ ಚೆನ್ನಾಗಿ ನಿಂತಿದೆ. ಕಾಫಿ ಕುಡಿದ್ರೆ ಕೈ ನಡುಗತ್ತೆ, ಎದೆ ಡವಡವ ಅನ್ನತ್ತೆ ಅನ್ನೋರಿಗೆ ಇದು ಇಷ್ಟ ಆಗೋದು ಜಾಸ್ತಿ. ಸಾಮಾನ್ಯವಾಗಿ 100 ಮಿಗ್ರಾಂ ಕೆಫೀನ್‌ಗೆ 100ರಿಂದ 200 ಮಿಗ್ರಾಂ ಥಿಯನಿನ್. ಒಂದು ಕಪ್ ಟೀಲಿ ಅಷ್ಟು ಥಿಯನಿನ್ ಬರಲ್ಲ, ಆದ್ರಿಂದ ಕ್ಯಾಪ್ಸೂಲ್ ಬೇಕಾಗತ್ತೆ, ಕೆಫೀನ್ ಮಾತ್ರ ನಿಮ್ಮ ಕಾಫಿಯಿಂದಲೇ ತಗೊಳ್ಳಿ.

ಶುದ್ಧ ಕೆಫೀನ್ ಪೌಡರ್ ಮಾತ್ರ ಯಾವತ್ತೂ ಮನೆಗೆ ತರಬೇಡಿ. ಒಂದು ಟೀ ಚಮಚ ಪ್ರಾಣ ತೆಗೆಯೋಷ್ಟು, ಅದೂ ಅಳತೆ ತಪ್ಪಿದ್ದು ಕಣ್ಣಿಗೆ ಗೊತ್ತೇ ಆಗಲ್ಲ.

ನಮ್ಮ ಫಿಲ್ಟರ್ ಕಾಫೀಲಿ ಎಷ್ಟು ಕೆಫೀನ್ ಇರತ್ತೆ?

ಪುಡಿ ಮೇಲೆ ಹೋಗತ್ತೆ, ಲೆಕ್ಕ ಹಾಕೋಣ. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇ. 1.2, ರೊಬಸ್ಟಾದಲ್ಲಿ ಶೇ. 2.2ರ ಆಸುಪಾಸು, ಚಿಕೋರಿಯಲ್ಲಿ ಸೊನ್ನೆ. ಒಂದು ಲೋಟಕ್ಕೆ 10 ಗ್ರಾಂ ಪುಡಿ ಅಂತ ಇಟ್ಕೊಳ್ಳಿ, 80:20 ಬ್ಲೆಂಡ್ ಆದ್ರೆ ಅದರಲ್ಲಿ ಕಾಫಿ 8 ಗ್ರಾಂ, ಪೂರ್ತಿ ಅರೇಬಿಕಾ ಆದ್ರೆ ಹೆಚ್ಚೆಂದ್ರೆ 96 ಮಿಗ್ರಾಂ, ಪೂರ್ತಿ ರೊಬಸ್ಟಾ ಆದ್ರೆ 176. ಅದೇ 60:40 ಪುಡಿ, ಅರೇಬಿಕಾ ಆದ್ರೆ 72ಕ್ಕೆ ಇಳಿಯತ್ತೆ. ಇದಷ್ಟೂ ಡಿಕಾಕ್ಷನ್‌ಗೆ ಇಳಿಯಲ್ಲ, ಎರಡನೇ ಡಿಕಾಕ್ಷನ್‌ನಲ್ಲಂತೂ ಬಣ್ಣ ಬಿಟ್ರೆ ಹೆಚ್ಚೇನೂ ಉಳಿದಿರಲ್ಲ. ಅಂದ್ರೆ ಚಿಕ್ಕಮಗಳೂರಿನ ಅರೇಬಿಕಾ ಕುಡಿಯೋರಿಗೂ ಕೊಡಗಿನ ರೊಬಸ್ಟಾ ಜಾಸ್ತಿ ಇರೋ ಪುಡಿ ಕುಡಿಯೋರಿಗೂ "ದಿನಕ್ಕೆ ಎರಡು ಲೋಟ" ಅನ್ನೋದು ಒಂದೇ ಲೆಕ್ಕ ಅಲ್ಲ. ಪುಡಿ ಹುರಿಸೋ ಅಂಗಡೀಲಿ ಏನು ಹಾಕ್ತೀರ ಅಂತ ಕೇಳಿ, ಹೇಳ್ತಾರೆ.

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಪ್ರಕಾರ ಆರೋಗ್ಯವಂತ ದೊಡ್ಡೋರಿಗೆ ದಿನಕ್ಕೆ 400 ಮಿಗ್ರಾಂ, ಒಂದೇ ಸಲಕ್ಕೆ 200 ಮಿಗ್ರಾಂವರೆಗೆ ತೊಂದರೆ ಇಲ್ಲ, ಬಸುರಿಯರಿಗೆ ದಿನಕ್ಕೆ 200. ದೇಹದಲ್ಲಿ ಅರ್ಧ ಖಾಲಿ ಆಗೋಕೇ ಸುಮಾರು ಐದು ಗಂಟೆ ಬೇಕು, ಗರ್ಭನಿರೋಧಕ ಮಾತ್ರೆ ತಗೊಳ್ಳೋರಿಗೆ ಅದರ ಹೆಚ್ಚುಕಮ್ಮಿ ಎರಡರಷ್ಟು. ಸಂಜೆ ಆರಕ್ಕೆ ಕುಡಿದ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗೇ ಇರತ್ತೆ ಅಂದಂಗಾಯ್ತು. ನನಗೆ ಕಾಫಿ ಕುಡಿದೂ ನಿದ್ದೆ ಬರತ್ತೆ ಅಂತ ಕೊಚ್ಕೊಳ್ಳೋರು ಬಹಳ ಜನ, ನಿದ್ದೆ ಬರತ್ತೆ ನಿಜ, ಆದ್ರೆ ಆ ನಿದ್ದೆ ಆಳಕ್ಕೆ ಇಳಿಯಲ್ಲ. ಇನ್ನೊಂದು, ಊಟ ತಿಂಡಿ ಜೊತೆಗೇ ಕಾಫಿ ಟೀ ಕುಡಿದ್ರೆ ಊಟದಲ್ಲಿರೋ ಕಬ್ಬಿಣ ಸರಿಯಾಗಿ ಹಿಡಿಯಲ್ಲ, ಫೆರಿಟಿನ್ ಕಮ್ಮಿ ಇರೋರು ಒಂದು ಗಂಟೆ ಗ್ಯಾಪ್ ಕೊಡಿ.

ಬ್ರಾಹ್ಮಿ ಬಗ್ಗೆ ಹೇಳಿ. ನಮ್ಮನೇಲಿ ಒಂದೆಲಗದ ತಂಬುಳಿ ಮಾಡ್ತಾರೆ, ಅದು ಸಾಕಾ?

ಇಲ್ಲಿ ಎರಡು ಗಿಡ ಇದೆ, ಗೊಂದಲ ಮಾಡ್ಕೋಬೇಡಿ. ಮಲೆನಾಡು ಕರಾವಳಿ ಕಡೆ ತಂಬುಳಿ, ಚಟ್ನಿ ಮಾಡೋ ದುಂಡಗಿನ ಎಲೆ ಒಂದೆಲಗ, ಅದರ ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷಿಯಾಟಿಕಾ. ವಿದೇಶಿ ಸಪ್ಲಿಮೆಂಟ್‌ಗಳಲ್ಲಿ ಬರೋ ಬಕೋಪಾ ಮೊನ್ನಿಯೇರಿ ಬೇರೆ, ನೀರು ನಿಲ್ಲೋ ಜಾಗದಲ್ಲಿ ಬೆಳೆಯೋ ಸಣ್ಣ ದಪ್ಪ ಎಲೆಯ ಗಿಡ, ನೀರುಬ್ರಾಹ್ಮಿ ಅಂತಾರೆ. ಎರಡನ್ನೂ ಬರೀ ಬ್ರಾಹ್ಮಿ ಅಂತಾನೇ ಮಾರ್ತಾರೆ, ಡಬ್ಬಿ ಮೇಲೆ ಸಸ್ಯಶಾಸ್ತ್ರದ ಹೆಸರು ನೋಡದೆ ತಗೋಬೇಡಿ.

ನೆನಪಿನ ವಿಷಯದಲ್ಲಿ ಮನುಷ್ಯರ ಮೇಲೆ ಹೆಚ್ಚು ಅಧ್ಯಯನ ಆಗಿರೋದು ಬಕೋಪಾ ಮೇಲೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಒಂದು ಎಕ್ಸ್‌ಟ್ರಾಕ್ಟ್ ತಯಾರಿಸ್ತು, ಆಸ್ಟ್ರೇಲಿಯಾದಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 300 ಮಿಗ್ರಾಂ ಬಕೋಪಾ ಎಕ್ಸ್‌ಟ್ರಾಕ್ಟ್ ಅನ್ನ 12 ವಾರ ಕೊಟ್ಟು ನೋಡಿದಾರೆ. ಕಲಿತದ್ದು ಮರೆಯೋದು ಸ್ವಲ್ಪ ನಿಧಾನ ಆಗತ್ತೆ ಅನ್ನೋದು ಇಂಥ ಅಧ್ಯಯನಗಳಿಂದ ಸಿಗೋ ಸಾರಾಂಶ. ಅಂದ್ರೆ ಇವತ್ತು ತಿಂದು ನಾಳೆ ಪರೀಕ್ಷೆ ಬರೆಯೋರಿಗೆ ಇದಲ್ಲ. ಮೂರು ತಿಂಗಳು ತಾಳ್ಮೆ ಇದ್ರೆ ಮಾತ್ರ ಕೈ ಹಾಕಿ. ಖಾಲಿ ಹೊಟ್ಟೇಲಿ ತಗೊಂಡ್ರೆ ಕೆಲವರಿಗೆ ವಾಕರಿಕೆ, ಹೊಟ್ಟೆ ನುಲಿತ, ಲೂಸ್ ಮೋಷನ್ ಗ್ಯಾರಂಟಿ, ಊಟದ ಜೊತೆ ತಗೊಳ್ಳಿ. ಹಿಂದಿನೋರು ಇದನ್ನ ತುಪ್ಪದಲ್ಲಿ ಹಾಕಿ ಬ್ರಾಹ್ಮೀ ಘೃತ ಮಾಡ್ತಿದ್ರಲ್ಲ, ಅದೂ ಜಿಡ್ಡಿನ ಜೊತೆಗೇ.

ತಂಬುಳಿ? ತಿನ್ನಿ, ರುಚಿಯಾಗಿರತ್ತೆ, ಬೇಸಿಗೇಲಿ ಹೊಟ್ಟೆಗೂ ತಂಪು. ಮಾತ್ರೆಯ ಅಳತೆಗೂ ನಾಲ್ಕು ಎಲೆ ಅರೆದು ಮಜ್ಜಿಗೆಗೆ ಹಾಕೋದಕ್ಕೂ ಹೋಲಿಕೆ ಮಾಡೋಕಾಗಲ್ಲ ಅಷ್ಟೆ.

ಮಗುಗೆ ಮಾತು ಬೇಗ ಬರ್ಲಿ, ಬುದ್ಧಿ ಚುರುಕಾಗ್ಲಿ ಅಂತ ಅಜ್ಜಿ ಬಜೆ ತೇಯ್ದು ನೆಕ್ಕಿಸ್ತಾರೆ...

ಅಜ್ಜಿ ಬೈದ್ರೂ ಪರವಾಗಿಲ್ಲ, ಮಕ್ಕಳ ಡಾಕ್ಟರನ್ನ ಕೇಳದೆ ಬೇಡ. ಬಜೆಯಲ್ಲಿ ಬೀಟಾ-ಅಸರೋನ್ ಅನ್ನೋ ಅಂಶ ಇದೆ, ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಗಡ್ಡೆ ಆಗಿದ್ದಕ್ಕೆ ಅಮೆರಿಕದಲ್ಲಿ 1968ರಲ್ಲೇ ಇದನ್ನ ಆಹಾರದಲ್ಲಿ ಬಳಸೋದು ನಿಷೇಧ ಮಾಡಿದ್ರು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಅಂತ ಡಾಕ್ಟರ್‌ಗಳು ಹೇಳೋದು ಸುಮ್ಮನೆ ಅಲ್ಲ.

ಕ್ರಿಯಾಟಿನ್ ಜಿಮ್‌ನೋರಿಗೆ ಅಲ್ವಾ?

ಅವರಿಗೇ ಜಾಸ್ತಿ ಉಪಯೋಗ. ಆದ್ರೆ ಮೆದುಳೂ ಶಕ್ತಿಗೆ ಇದನ್ನ ಬಳಸತ್ತೆ. ನಮಗೆ ಊಟದಿಂದ ಕ್ರಿಯಾಟಿನ್ ಸಿಗೋದು ಮಾಂಸ ಮೀನಿಂದ, ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಅದು ಕಮ್ಮಿ ಇರತ್ತೆ. 2003ರಲ್ಲಿ ಆಸ್ಟ್ರೇಲಿಯಾದಲ್ಲಿ 45 ಜನ ಸಸ್ಯಾಹಾರಿ ಯುವಕ ಯುವತಿಯರಿಗೆ ದಿನಕ್ಕೆ 5 ಗ್ರಾಂ ಆರು ವಾರ ಕೊಟ್ಟು ನೋಡಿದಾಗ ಅಂಕಿ ನೆನಪಿಟ್ಟು ಉಲ್ಟಾ ಹೇಳೋ ಪರೀಕ್ಷೆಯಲ್ಲಿ ಒಳ್ಳೆ ಸುಧಾರಣೆ ಬಂತು, ಅಲ್ಲಿಂದ ಸಸ್ಯಾಹಾರಿಗಳಿಗೆ ಇದು ರಾಮಬಾಣ ಅಂತ ಪ್ರಚಾರ ಆಯ್ತು. 2023ರಲ್ಲಿ 123 ಜನರ ಮೇಲೆ ಹೆಚ್ಚು ಬಿಗಿಯಾಗಿ ಮಾಡಿದ ಅಧ್ಯಯನದಲ್ಲಿ ಲಾಭ ತೀರಾ ಚಿಕ್ಕದು, ಸಸ್ಯಾಹಾರಿಗಳಿಗೇ ಹೆಚ್ಚು ಅನ್ನೋದೂ ಕಾಣ್ಲಿಲ್ಲ. ಹಾಗಾಗಿ ನನ್ನ ಅಭಿಪ್ರಾಯ: ವ್ಯಾಯಾಮ ಮಾಡ್ತೀರ ಅಂದ್ರೆ ತಗೊಳ್ಳಿ, ತಲೆಗೆ ಸ್ವಲ್ಪ ಏನಾದ್ರೂ ಸಿಕ್ಕಿದ್ರೆ ಬೋನಸ್. ಕ್ರಿಯಾಟಿನ್ ಮಾನೋಹೈಡ್ರೇಟ್ ಅನ್ನೋ ಸಾದಾ ರೂಪ ಸಾಕು, ದಿನಕ್ಕೆ 3ರಿಂದ 5 ಗ್ರಾಂ, ದುಬಾರಿ ವೆರೈಟಿ ಬೇಡ. ಕಿಡ್ನಿ ತೊಂದರೆ ಇರೋರು ಮುಟ್ಟಬೇಡಿ. ಬ್ಲಡ್ ಟೆಸ್ಟ್ ಮಾಡಿಸುವಾಗ ಇದು ತಗೊಳ್ತಿದೀನಿ ಅಂತ ಡಾಕ್ಟರ್‌ಗೆ ಹೇಳಿ, ಇಲ್ಲಾಂದ್ರೆ ಕಿಡ್ನಿ ಟೆಸ್ಟ್‌ನಲ್ಲಿ ನೋಡೋ ಕ್ರಿಯಾಟಿನಿನ್ ಜಾಸ್ತಿ ಬಂದು ಕಿಡ್ನಿ ಹೋಯ್ತೇನೋ ಅಂತ ಮನೇಲೆಲ್ಲ ಗಾಬರಿ.

ಅಶ್ವಗಂಧ?

ಟೆನ್ಷನ್ ಕಮ್ಮಿ ಆಗೋಕೆ, ನಿದ್ದೆಗೆ ಸ್ವಲ್ಪ ಪುರಾವೆ ಇದೆ. ನೇರವಾಗಿ ಬುದ್ಧಿಗೆ ಅಂತ ಇಲ್ಲ, ಟೆನ್ಷನ್ ಇಳಿದ್ರೆ ಗಮನ ಬರತ್ತೆ ಅನ್ನೋ ಲೆಕ್ಕ. ಕೆಲವರಿಗೆ ಯಾವುದರ ಮೇಲೂ ಆಸಕ್ತಿ ಇಲ್ಲದಂಗೆ ಮಂಕಾಗತ್ತೆ, ಹಾಗಾದ್ರೆ ನಿಲ್ಲಿಸಿ. ನಮ್ಮ ದೇಶದ್ದು, ಆಯುರ್ವೇದದ್ದು, ಏನೂ ಆಗಲ್ಲ ಅನ್ನೋ ಧೈರ್ಯ ಬೇಡ: ಲಿವರ್‌ಗೆ ಪೆಟ್ಟು ಬಿದ್ದ ಕೇಸುಗಳು ವರದಿಯಾಗಿವೆ, ಡೆನ್ಮಾರ್ಕ್ 2023ರಲ್ಲಿ ನಿಷೇಧಾನೇ ಮಾಡ್ತು. ಥೈರಾಯ್ಡ್ ಮಾತ್ರೆ ತಗೊಳ್ಳೋರು, ಬಸುರಿಯರು ದೂರ ಇರಿ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈ ತುರಿಕೆ ಬಂದ್ರೆ ಅವತ್ತೇ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ.

ಗಿಂಕ್ಗೊ, ಲಯನ್ಸ್ ಮೇನ್, ಒಮೆಗಾ 3?

ಗಿಂಕ್ಗೊ (ಒಂದು ಮರದ ಎಲೆಯ ಎಕ್ಸ್‌ಟ್ರಾಕ್ಟ್) ಬೇಡ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ವಯಸ್ಸಾದವರಿಗೆ ವರ್ಷಗಟ್ಟಲೆ ಕೊಟ್ಟು ನೋಡಿ, 2008ರಲ್ಲಿ ಬಂದ ಫಲಿತಾಂಶ: ಮರೆಗುಳಿ ರೋಗ ತಡೆಯಲ್ಲ. ಮೇಲಿಂದ ರಕ್ತ ತೆಳು ಮಾಡೋ ಮಾತ್ರೆ ಜೊತೆ ಸೇರಿದ್ರೆ ರಕ್ತಸ್ರಾವದ ಭಯ. ಲಯನ್ಸ್ ಮೇನ್ ಅಣಬೆ ಮೇಲೆ ಆಗಿರೋದೆಲ್ಲ ಪುಟ್ಟ ಪುಟ್ಟ ಅಧ್ಯಯನ, ಬೆಲೆ ಮಾತ್ರ ದೊಡ್ಡದು. ಒಮೆಗಾ 3 ಅನ್ನೋ ಕೊಬ್ಬಿನ ಮಾತ್ರೆ, ಮೀನು ತಿನ್ನೋರಿಗೆ ಬೇಕಿಲ್ಲ, ಬೂತಾಯಿ ಬಂಗುಡೆ ವಾರಕ್ಕೆ ಎರಡು ಸಲ ಮನೇಲಿ ಆದ್ರೆ ಮಾತ್ರೆ ಯಾಕೆ.

ಫ್ರೆಂಡ್ ಮೊಡಾಫಿನಿಲ್ ತಗೊಂಡು ರಾತ್ರಿಯೆಲ್ಲ ಕೋಡ್ ಬರೀತಾನೆ. ಅದು?

ಅದು ಸಪ್ಲಿಮೆಂಟ್ ಅಲ್ಲ, ಔಷಧಿ. ಹೊತ್ತಲ್ಲದ ಹೊತ್ತಲ್ಲಿ ನಿದ್ದೆ ಬೀಳೋ ನಾರ್ಕೊಲೆಪ್ಸಿ ಅನ್ನೋ ಕಾಯಿಲೆಗೆ ಕೊಡೋದು, ಡಾಕ್ಟರ್ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಅಪರೂಪಕ್ಕೆ ಚರ್ಮ ಸುಲಿಯೋ ಅಪಾಯದ ಅಲರ್ಜಿ ಬರಬಹುದು, ಗರ್ಭನಿರೋಧಕ ಮಾತ್ರೆಯ ಶಕ್ತಿ ಕುಂದಿಸತ್ತೆ, ಇದು ಬಹಳ ಹೆಣ್ಮಕ್ಕಳಿಗೆ ಗೊತ್ತೇ ಇಲ್ಲ. ಎಡಿಎಚ್‌ಡಿಗೆ (ಗಮನ ಒಂದು ಕಡೆ ನಿಲ್ಲದ ತೊಂದರೆಗೆ) ಕೊಡೋ ಮಿಥೈಲ್‌ಫೆನಿಡೇಟ್ ಮೇಲಂತೂ ಕಾನೂನು ಇನ್ನೂ ಬಿಗಿ, ಯಾರದೋ ಮಾತ್ರೆ ಇಸ್ಕೊಂಡು ನುಂಗೋದು ಆರೋಗ್ಯಕ್ಕೂ ಕೆಟ್ಟದ್ದು, ಕೇಸ್ ಕೂಡ ಆಗಬಹುದು. ನನಗೂ ಎಡಿಎಚ್‌ಡಿ ಇದೆಯೇನೋ ಅನ್ನೋ ಅನುಮಾನ ಇದ್ರೆ ಸೈಕಿಯಾಟ್ರಿಸ್ಟ್ ಹತ್ರ ಹೋಗಿ, ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಬೇರೆ ಊರಲ್ಲಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗಳಲ್ಲಿ ವಿಭಾಗ ಇರತ್ತೆ.

ಮಗ ಸೆಕೆಂಡ್ ಪಿಯು, ನೀಟ್ ಹತ್ರ ಬಂತು. ಅವನಿಗೆ ಏನು ಕೊಡ್ಲಿ?

ನಿದ್ದೆ ಕೊಡಿ. ಅದು ಬಿಟ್ರೆ ಹೊಟ್ಟೆ ತುಂಬಾ ತಿಂಡಿ, ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ. ಹದಿನೆಂಟು ತುಂಬದ ಮಕ್ಕಳಿಗೆ ಈ ಯಾವ ಡಬ್ಬಿಯೂ ಬೇಡ, ಅವರ ಮೇಲೆ ಸರಿಯಾದ ಅಧ್ಯಯನ ಇಲ್ಲ, ಎನರ್ಜಿ ಡ್ರಿಂಕ್ ಅಂತೂ ಬೇಡವೇ ಬೇಡ. ಹಗಲು ಓದಿದ್ದು ಗಟ್ಟಿಯಾಗಿ ಕೂರೋದು ರಾತ್ರಿ ಮಲಗಿದಾಗ, ಎರಡು ಗಂಟೆ ನಿದ್ದೆ ಕದ್ದು ಓದಿಸಿದ್ರೆ ಹಿಂದೆ ಓದಿದ್ದೂ ಹೋಗತ್ತೆ. ಹುಡುಗ ಊಟ ಬಿಟ್ಟು, ಮಾತು ಬಿಟ್ಟು ಮಂಕಾಗಿದ್ರೆ ಅದು ನೆನಪಿನ ಸಮಸ್ಯೆ ಅಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಡಬ್ಬಿ ತಗೊಳ್ಳುವಾಗ ಏನು ನೋಡ್ಬೇಕು?

ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, 14 ಅಂಕಿ ಇರತ್ತೆ. ಆಯುರ್ವೇದದ್ದಾದ್ರೆ ಆಯುಷ್ ತಯಾರಿಕಾ ಲೈಸೆನ್ಸ್. ಆಮೇಲೆ ಪ್ರತಿ ಪದಾರ್ಥ ಎಷ್ಟು ಮಿಗ್ರಾಂ ಅಂತ ಬರೆದಿದೆಯಾ ನೋಡಿ. ಹದಿನೈದು ಹೆಸರು ಸೇರಿಸಿ ಎಲ್ಲದರದ್ದೂ ಒಟ್ಟು ತೂಕ ಮಾತ್ರ ಹಾಕಿ "ಪ್ರೊಪ್ರೈಟರಿ ಬ್ಲೆಂಡ್" ಅಂದ್ರೆ ವಾಪಸ್ ಇಡಿ, ಅದರಲ್ಲಿ ಮುಕ್ಕಾಲು ಅಗ್ಗದ್ದೇ ತುಂಬಿರಬಹುದು. ಗಿಡಮೂಲಿಕೆ ಆದ್ರೆ ಸೀಸ, ಪಾದರಸದಂಥ ಭಾರಲೋಹದ ಲ್ಯಾಬ್ ರಿಪೋರ್ಟ್ ಕೊಡೋ ಕಂಪನಿ ಹುಡುಕಿ. ಬಿ6 ದಿನಾ ತುಂಬಾ ಜಾಸ್ತಿ ಇರೋ ಮಲ್ಟಿವಿಟಮಿನ್ ಎರಡು ಮೂರು ಸೇರಿಸ್ಕೊಂಡು ತಿನ್ನಬೇಡಿ, ಅದರಿಂದಲೇ ನರ ಹಾಳಾಗಿ ಕಾಲು ಜುಮ್ ಅನ್ನತ್ತೆ.

ಕೆಲಸ ಮಾಡ್ತಿದೆಯಾ ಇಲ್ವಾ ಅಂತ ಹೇಗೆ ತಿಳ್ಕೊಳ್ಳೋದು?

ಒಂದು ಸಲಕ್ಕೆ ಒಂದೇ. ನಾಲ್ಕು ಒಟ್ಟಿಗೆ ಶುರು ಮಾಡಿದ್ರೆ ತಲೆ ಓಡಿದ್ದು ಯಾವುದರಿಂದ, ಹೊಟ್ಟೆ ಕೆಟ್ಟಿದ್ದು ಯಾವುದರಿಂದ ಒಂದೂ ಗೊತ್ತಾಗಲ್ಲ. ಶುರು ಮಾಡೋಕೆ ಮುಂಚೆ ಎರಡು ವಾರ ಏನೂ ತಗೊಳ್ಳದೆ ಒಂದು ನೋಟ್‌ಬುಕ್‌ನಲ್ಲಿ ನಿದ್ದೆ ಗಂಟೆ, ಎಷ್ಟು ಹೊತ್ತು ಫೋನ್ ಮುಟ್ಟದೆ ಓದಿದ್ರಿ, ಎಷ್ಟು ಲೆಕ್ಕ ಬಿಡಿಸಿದ್ರಿ, ಹೀಗೆ ಎಣಿಸೋಕಾಗೋದು ಬರೀರಿ. "ಇವತ್ತು ಚೆನ್ನಾಗಿತ್ತು" ಅನ್ನೋದು ಲೆಕ್ಕಕ್ಕಿಲ್ಲ, ದುಡ್ಡು ಕೊಟ್ಟ ಮೇಲೆ ಎಲ್ಲರಿಗೂ ಚೆನ್ನಾಗೇ ಇರತ್ತೆ. ಇನ್ನೂ ಗಟ್ಟಿ ಬೇಕಂದ್ರೆ ಮನೇಲಿ ಯಾರಿಗಾದ್ರೂ ಹೇಳಿ ಒಂದೇ ಥರ ಕಾಣೋ ಖಾಲಿ ಕ್ಯಾಪ್ಸೂಲ್‌ಗೆ ಅಕ್ಕಿ ಹಿಟ್ಟು ತುಂಬಿಸಿ ಬೆರೆಸಿ ಇಡೋಕೆ ಹೇಳಿ, ಯಾವ ದಿನ ಯಾವುದು ಅಂತ ಅವರೇ ಬರೆದಿಟ್ಕೊಳ್ಳಲಿ. ಥಿಯನಿನ್ ಥರ ಅವತ್ತವತ್ತೇ ಕೆಲಸ ಮಾಡೋದಕ್ಕೆ ಇದು ಸರಿಹೋಗತ್ತೆ, ಬಕೋಪಾಗೆ ಆಗಲ್ಲ.

ಯಾರಿಗೆ ಬೇಡ?

ಬಸುರಿಯರು, ಹಾಲೂಡಿಸೋರು, ಮಕ್ಕಳು. ರಕ್ತ ತೆಳು ಮಾಡೋ ಮಾತ್ರೆ, ಫಿಟ್ಸ್ ಮಾತ್ರೆ, ಥೈರಾಯ್ಡ್ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಏನೂ ಬೇಡ. ಡಿಪ್ರೆಷನ್ ಮಾತ್ರೆ ಮೇಲಿರೋರು 5-ಎಚ್‌ಟಿಪಿ, ಸೇಂಟ್ ಜಾನ್ಸ್ ವೋರ್ಟ್ ಅನ್ನೋ ಸಪ್ಲಿಮೆಂಟ್‌ಗಳ ಹತ್ರಾನೂ ಹೋಗಬೇಡಿ, ಮೆದುಳಿನ ಸೆರೊಟೋನಿನ್ ಅನ್ನೋ ರಾಸಾಯನಿಕ ಮಿತಿ ಮೀರಿ ಆಸ್ಪತ್ರೆ ಸೇರೋ ಪರಿಸ್ಥಿತಿ ಬರಬಹುದು. ಎದೆಬಡಿತ ಏರುಪೇರು ಇರೋರು ಕೆಫೀನ್ ಬಗ್ಗೆ ಹುಷಾರು. ಆಪರೇಷನ್ ಇದ್ರೆ ಏನೇನು ತಗೊಳ್ತಿದೀರ ಅಂತ ಮೂಲಿಕೆ ಸಮೇತ ಪಟ್ಟಿ ಕೊಡಿ.

ಅಮೆರಿಕದಿಂದ ಅಣ್ಣ ಬರ್ತಿದಾನೆ, ಅಲ್ಲಿಂದ ತರಿಸಿದ್ರೆ ಒಳ್ಳೇದಲ್ವಾ?

ಅಲ್ಲಿದೆಲ್ಲ ಶುದ್ಧ ಅನ್ನೋ ನಂಬಿಕೆ ಬಿಡಿ. ಅಲ್ಲಿ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್ ಮಾರೋಕೆ ಮುಂಚೆ ಅದು ಕೆಲಸ ಮಾಡತ್ತೆ ಅಂತ ಸರ್ಕಾರಕ್ಕೆ ತೋರಿಸಿ ಒಪ್ಪಿಗೆ ತಗೊಳ್ಳಬೇಕಿಲ್ಲ. ಜೆಲ್ಲಿಮೀನಿನ ಪ್ರೋಟೀನ್ ನೆನಪು ಹೆಚ್ಚಿಸತ್ತೆ ಅಂತ ಮಾರ್ತಿದ್ದ ಕಂಪನಿ ಮೇಲೆ 2017ರಲ್ಲಿ ಅಲ್ಲಿನ ಸರ್ಕಾರದ ಸಂಸ್ಥೆಯೇ ಸುಳ್ಳು ಜಾಹೀರಾತು ಅಂತ ಕೇಸ್ ಹಾಕಿತ್ತು. ತರಿಸಲೇಬೇಕು ಅಂದ್ರೆ ಯುಎಸ್‌ಪಿ ಅಥವಾ ಎನ್‌ಎಸ್‌ಎಫ್ ಅನ್ನೋ ಪರೀಕ್ಷಾ ಸಂಸ್ಥೆಗಳ ಮುದ್ರೆ ಇರೋದು ತರಿಸಿ, ಡಬ್ಬೀಲಿ ಬರೆದದ್ದೇ ಒಳಗಿದೆ ಅನ್ನೋದಕ್ಕಾದ್ರೂ ಒಂದು ಆಧಾರ ಇರತ್ತೆ. ಫೆನಿಬಟ್, ಟಿಯಾನೆಪ್ಟಿನ್ ಅನ್ನೋ ಹೆಸರು ಕಂಡ್ರೆ ಮಾತ್ರ ಬೇಡ ಅನ್ನಿ, ಅವೂ ಅಲ್ಲಿ ಸಪ್ಲಿಮೆಂಟ್ ವೇಷದಲ್ಲಿ ಸಿಕ್ತಾ ಇರತ್ತೆ, ಎರಡೂ ಚಟ ಹಿಡಿಸೋವು, ಬಿಡೋಕೆ ಹೋದ್ರೆ ನಡುಕ, ನಿದ್ದೆಗೇಡು, ಆಸ್ಪತ್ರೆವರೆಗೂ ಹೋಗತ್ತೆ. ಥಿಯನಿನ್, ಕ್ರಿಯಾಟಿನ್, ಬಕೋಪಾ ಮೂರೂ ಇಲ್ಲೇ ಸಿಗತ್ತೆ, ಅಣ್ಣನ ಬ್ಯಾಗ್‌ನಲ್ಲಿ ಆ ಜಾಗಕ್ಕೆ ಬೇರೆ ಏನಾದ್ರೂ ಹೇಳಿ.